ಕೊಳ್ಳದ ವಸ್ತುವಿನ ಲೆಕ್ಕ

ಪರರ ವಸ್ತುವಿಗೆ ಕೈ ಚಾಚಬಾರದೆಂಬುದನ್ನು ನಮ್ಮ ಮನೆಗಳಲ್ಲಿ ಯಾರೂ ಪುಸ್ತಕದಿಂದ ಕಲಿಯುವುದಿಲ್ಲ. ನೆರೆಮನೆಯ ಅಂಗಳದಲ್ಲಿ ಬಿದ್ದ ಮಾವಿನಕಾಯಿಯನ್ನು ಎತ್ತಿಕೊಂಡು ಬಂದ ಮಗುವಿಗೆ ತಾಯಿ ಹೇಳುವ ಮೊದಲ ಮಾತು ಅದೇ ಆಗಿರುತ್ತದೆ. ಬಸವಣ್ಣನವರು ಅಂತರಂಗ ಬಹಿರಂಗಗಳ ಶುದ್ಧಿಗೆಂದು ಎಣಿಸಿಕೊಟ್ಟ ಏಳು ಶೀಲಗಳಲ್ಲಿಯೂ ಕಳವಿನ ನಿಷೇಧಕ್ಕೇ ಮೊದಲ ಸ್ಥಾನ. ಆದರೆ ಈ ಶೀಲವನ್ನು ಜೀವನಪರ್ಯಂತ ಪಾಲಿಸಿಕೊಂಡು ಬಂದ ಭಕ್ತನ ಮೇಲೆ ಒಂದು ದಿನ, ಅವನು ಮುಟ್ಟದ ವಸ್ತುವಿನ ಬೆಲೆಯನ್ನು ಯಾರಾದರೂ ಹೊರಿಸಿದರೆ ಅವನು ಏನು ಮಾಡಬೇಕು? ಕೊಟ್ಟು ಸುಮ್ಮನಾಗಬೇಕೆ? ಕೊಡೆನೆಂದು ವಾದಿಸಬೇಕೆ? ವಾದಿಸುವುದಾದರೆ ಎಲ್ಲಿಯವರೆಗೆ? ಈ ಪ್ರಶ್ನೆಯನ್ನು ನನ್ನ ಮುಂದೆ ಇಟ್ಟವರು ನಮ್ಮ ಮಠದ ಮಾಸಿಕ ಅನುಭಾವಗೋಷ್ಠಿಗೆ ತಪ್ಪದೆ ಬರುವ ಒಬ್ಬ ನಿವೃತ್ತ ಅಧ್ಯಾಪಕರು. ಅವರ ಅನುಮತಿಯಿಂದ, ಹೆಸರನ್ನು ಬಿಟ್ಟು, ಆ ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಸಂಗತಿ ಸಣ್ಣದು, ಅದರೊಳಗಣ ಧರ್ಮಸೂಕ್ಷ್ಮ ಸಣ್ಣದಲ್ಲವೆಂದು ನನಗೆ ತೋರಿತು.

ಅಧ್ಯಾಪಕರ ಮಗ ಅಮೆರಿಕದಲ್ಲಿ ಉದ್ಯೋಗದಲ್ಲಿದ್ದಾನೆ. ತಂದೆತಾಯಿಗಳು ಅಲ್ಲಿಗೆ ಹೋದಾಗ, ಅವರನ್ನು ಅಲಾಸ್ಕದ ಹಿಮನದಿಗಳನ್ನು ತೋರಿಸುವ ವಿಹಾರನೌಕೆಯಲ್ಲಿ ಕರೆದುಕೊಂಡು ಹೋದನು. ಸಿಯಾಟಲ್ ಬಂದರಿನಿಂದ ಹೊರಟು, ಕೆಚಿಕನ್, ಜೂನೊ ಮೊದಲಾದ ಊರುಗಳನ್ನು ಮುಟ್ಟಿ, ಕೆನಡಾದ ವಿಕ್ಟೋರಿಯಾದಲ್ಲಿ ಒಂದು ಸಂಜೆ ತಂಗಿ ಮರಳುವ ಏಳು ರಾತ್ರಿಗಳ ಯಾತ್ರೆ ಅದು. ಸಮುದ್ರದ ನೀರಿನೊಳಗೆ ಕುಸಿದು ಬೀಳುವ ನೀಲಿಯ ಹಿಮದ ಗೋಡೆಯನ್ನೂ, ರಾತ್ರಿ ಹತ್ತು ಗಂಟೆಗೂ ಆರದ ಬೆಳಕನ್ನೂ ಕಂಡು ಆ ದಂಪತಿಗಳು ಪಟ್ಟ ಆನಂದವನ್ನು ಅವರ ಬಾಯಿಂದಲೇ ಕೇಳಬೇಕು. ನಿಸರ್ಗದ ಆ ಬೃಹದ್ರೂಪದ ಮುಂದೆ ಕುಳಿತು ಇಷ್ಟಲಿಂಗಪೂಜೆ ಮಾಡಿದ ಆ ಏಳು ಪ್ರಾತಃಕಾಲಗಳು ತಮ್ಮ ಬಾಳಿನಲ್ಲಿ ಬೇರೆಯೇ ಆಗಿ ನಿಂತಿವೆ ಎಂದು ಅವರು ಹೇಳುತ್ತಾರೆ.

ಮನೆಗೆ ಮರಳಿದ ಹತ್ತನೆಯ ದಿನ ಮಗನ ಕ್ರೆಡಿಟ್ ಕಾರ್ಡಿನ ಲೆಕ್ಕದಲ್ಲಿ ಒಂದು ಹೊಸ ಸಾಲು ಕಾಣಿಸಿತು. ಅಪ್ಪ ಅಮ್ಮ ಇಳಿದುಕೊಂಡಿದ್ದ ಕೋಣೆಯಿಂದ ಸ್ನಾನದ ನಿಲುವಂಗಿಗಳು ಎರಡು ಕಾಣೆಯಾಗಿವೆ, ತಲಾ 60 ಡಾಲರ್, ಒಟ್ಟು 120. ನಮ್ಮ ಹಣದಲ್ಲಿ ಸುಮಾರು ಹತ್ತು ಸಾವಿರ ರೂಪಾಯಿ.

ಇಂಥ ಹಡಗುಗಳ ವ್ಯವಹಾರದ ರೀತಿಯನ್ನು ಅರಿಯದ ಓದುಗರಿಗಾಗಿ ಎರಡು ಮಾತು ಹೇಳಬೇಕು. ಹಡಗಿನೊಳಗೆ ನಗದು ಹಣ ನಡೆಯುವುದಿಲ್ಲ. ಹತ್ತುವಾಗಲೇ ಯಾತ್ರಿಕನ ಕಾರ್ಡನ್ನು ಅವನ ಕೋಣೆಯ ಲೆಕ್ಕಕ್ಕೆ ಜೋಡಿಸಿರುತ್ತಾರೆ. ಕುಡಿದ ಕಾಫಿಯಿಂದ ಹಿಡಿದು ಕೊಂಡ ಆಟಿಕೆಯವರೆಗೆ ಎಲ್ಲವೂ ಆ ಲೆಕ್ಕದಲ್ಲಿ ಬೀಳುತ್ತದೆ. ಕಡೆಯ ರಾತ್ರಿ ಲೆಕ್ಕದ ಪಟ್ಟಿ ಕೈಸೇರುತ್ತದೆ; ತಪ್ಪಿದ್ದರೆ ಹಡಗಿನ ಕಚೇರಿಯಲ್ಲಿ ನಿಂತು ಕೇಳಬಹುದು. ಆದರೆ ಕೋಣೆಯ ವಸ್ತುಗಳ ಎಣಿಕೆ ನಡೆಯುವುದು ಯಾತ್ರಿಕನು ಇಳಿದು ಹೋದ ಮೇಲೆ. ಬೆಳಿಗ್ಗೆ ಒಂಬತ್ತು ಹತ್ತರ ಹೊತ್ತಿಗೆ ಸಾವಿರಾರು ಜನ ಇಳಿಯುತ್ತಾರೆ, ಮಧ್ಯಾಹ್ನಕ್ಕೆ ಮೊದಲೇ ಅಷ್ಟೇ ಜನ ಹತ್ತಲಾರಂಭಿಸುತ್ತಾರೆ. ನಡುವಿನ ಆ ಕೆಲವೇ ಗಂಟೆಗಳಲ್ಲಿ ಹಾಸಿಗೆ ಬದಲಿಸಿ, ನೆಲ ಒರೆಸಿ, ಟವೆಲು ನಿಲುವಂಗಿಗಳನ್ನು ಎಣಿಸಿ, ಕೋಣೆಯನ್ನು ಹೊಸದಾಗಿ ಸಿದ್ಧಪಡಿಸಬೇಕು. ಅಂಥ ಗಡಿಬಿಡಿಯಲ್ಲಿ ಎಣಿಕೆ ತಪ್ಪುವುದು ಆಶ್ಚರ್ಯವಲ್ಲ. ಆದರೆ ತಪ್ಪಿದ ಎಣಿಕೆಯ ಮುಂದೆ ನಿಂತು ಇಲ್ಲವೆನ್ನಲು ಆಗ ಯಾತ್ರಿಕನು ಅಲ್ಲಿರುವುದಿಲ್ಲ. ತೀರ್ಪು ಮೊದಲು, ವಿಚಾರಣೆ ಆಮೇಲೆ.

ಈ ನಿಲುವಂಗಿಗಳ ಕಥೆ ಹೀಗೆ. ಅಧ್ಯಾಪಕರು ಸ್ನಾನ ಮಾಡಿ ಪೂಜೆಗೆ ಕುಳಿತುಕೊಳ್ಳುವುದು ತಮ್ಮ ಸ್ವಂತದ ಧೋತರವನ್ನುಟ್ಟು. ಕೋಣೆಯ ಅಲಮಾರು ಇಕ್ಕಟ್ಟಾದದ್ದು. ಆದಕಾರಣ ಮೊದಲ ದಿನವೇ, ಕೋಣೆಯನ್ನು ನೋಡಿಕೊಳ್ಳುತ್ತಿದ್ದ ಇಂಡೊನೇಷ್ಯದ ತರುಣನನ್ನು ಕರೆದು, ಈ ನಿಲುವಂಗಿಗಳು ನಮಗೆ ಬೇಡ, ಒಯ್ಯಪ್ಪಾ ಎಂದು ಕೈಸನ್ನೆಯಿಂದಲೂ ಮಾತಿನಿಂದಲೂ ತಿಳಿಸಿದರು. ಅವನು ನಗುತ್ತ ಒಯ್ದನು. ಅದಕ್ಕೆ ಚೀಟಿಯಿಲ್ಲ, ಸಹಿಯಿಲ್ಲ. ಒಯ್ದದ್ದನ್ನು ಅವನು ಎಲ್ಲಿಯಾದರೂ ಬರೆಸಿದನೋ, ಬರೆಸಲು ಮರೆತನೋ, ಅಥವಾ ಬರೆದದ್ದು ಬೇರೊಂದು ಕೋಣೆಯ ಲೆಕ್ಕದಲ್ಲಿ ಬಿದ್ದಿತೋ ಬಲ್ಲವರಾರು?

ಸಾಲನ್ನು ಓದಿದಾಗ ಮನೆಯಲ್ಲಿ ಮೂರು ಮಾತು ಹುಟ್ಟಿದವು. ಮಗನಿಗೆ ಕೋಪ ಬಂದಿತು. "ಕಾರ್ಡಿನ ಬ್ಯಾಂಕಿಗೆ ಈಗಲೇ ತಿಳಿಸುತ್ತೇನೆ, ಅಪ್ಪಾ. ಈ ವಸೂಲಿ ಮೋಸದ್ದು ಎಂದು ಒಂದು ಗುರುತು ಹಾಕಿದರೆ ಸಾಕು, ಹಣ ತಿರುಗಿ ಬರುತ್ತದೆ. ಆಳುಗಳಿಗೆಂದು ನಮ್ಮ ಲೆಕ್ಕದಿಂದ ಹಿಡಿದ ಭಕ್ಷೀಸನ್ನೂ ವಾಪಸು ಕೇಳುತ್ತೇನೆ" ಎಂದನು. ತಾಯಿ, "ಹೋಗಲಿ ಬಿಡ್ರಿ, ಇಷ್ಟು ಖರ್ಚು ಮಾಡಿ ನಮಗ ದೇವರ ಲೀಲೆ ತೋರಿಸ್ಯಾನ. ಅದೂ ಒಂದು ದಾಸೋಹ ಅಂತ ತಿಳಕೊಂಡರಾತು" ಎಂದರು. ಅಧ್ಯಾಪಕರು ಬಹಳ ಹೊತ್ತು ಮಾತಾಡಲಿಲ್ಲವಂತೆ. ಆಮೇಲೆ, "ಮೊದಲು ಚೀಲಗಳನ್ನೆಲ್ಲ ಬಿಚ್ಚಿ ನೋಡೋಣ" ಎಂದರಂತೆ.

ಈ ಮಾತನ್ನು ಕೇಳಿದಾಗ ನನಗೆ ಕಲ್ಯಾಣದ ಭಂಡಾರದ ಕಥೆ ನೆನಪಾಯಿತು. ಬಿಜ್ಜಳನ ಬೊಕ್ಕಸದ ಹೊನ್ನನ್ನು ಬಸವಣ್ಣನವರು ಜಂಗಮರಿಗೆ ಸವೆಸುತ್ತಿದ್ದಾರೆಂದು ಕೊಂಡೆಯರು ದೂರಿತ್ತರೆಂಬುದನ್ನೂ, ಅರಸನು ಲೆಕ್ಕ ಕೇಳಿದಾಗ ಅಣ್ಣನವರು ಭಂಡಾರವನ್ನು ತೆರೆದು ತೋರಿಸಲು ಒಂದು ಕಾಸೂ ಕುಂದಿರಲಿಲ್ಲವೆಂಬುದನ್ನೂ ಭೀಮಕವಿಯು 1369ರಲ್ಲಿ ರಚಿಸಿದ ಬಸವಪುರಾಣವೇ ಮೊದಲಾದ ಕಾವ್ಯಗಳು ಹಾಡಿವೆ. ಭಕ್ತರು ಈ ಕಥೆಯಲ್ಲಿ ಪವಾಡವನ್ನು ಕಂಡು ಕೈಮುಗಿಯುತ್ತಾರೆ, ಮುಗಿಯಲಿ. ನಾನು ಅದರಲ್ಲಿ ಬೇರೊಂದನ್ನೂ ಕಾಣುತ್ತೇನೆ. ನನ್ನನ್ನು ಕೇಳುವವರು ಯಾರು ಎಂದು ಅಣ್ಣನವರು ಸಿಡಿಯಲಿಲ್ಲ. ದೂರಿದವರ ಬಾಯಿಯ ಕಡೆಗೆ ನೋಡದೆ ಪೆಟ್ಟಿಗೆಯ ಬಾಯಿಯನ್ನು ತೆರೆದರು. ಆರೋಪ ಬಂದಾಗ ನಿರಪರಾಧಿಯಾದವನಿಗೂ ಮೊದಲು ಸಲ್ಲುವ ಕರ್ತವ್ಯ ತನ್ನ ಪೆಟ್ಟಿಗೆಯನ್ನು ತಾನೇ ತೆರೆಯುವುದು. ನಾವು ತೆಗೆದುಕೊಂಡಿಲ್ಲವೆಂಬ ನಮ್ಮ ನೆನಪು ನಮಗೆ ಸಾಕ್ಷಿ ನಿಜ. ಆದರೆ ಆ ಸಾಕ್ಷಿಯೂ ಎಷ್ಟೋ ವೇಳೆ ತನಗೆ ಬೇಕಾದುದನ್ನೇ ನುಡಿಯುತ್ತದೆ.

ಐದು ಚೀಲಗಳನ್ನು ನೆಲದ ಮೇಲೆ ಸುರುವಿದರು. ನಿಲುವಂಗಿ ಇರಲಿಲ್ಲ. ಆದರೆ ಮೊಮ್ಮಗನ ಈಜುಬಟ್ಟೆಯ ಚೀಲದ ತಳದಲ್ಲಿ, ಒದ್ದೆಯ ಬಟ್ಟೆಗೆ ಸುತ್ತಿ ಇಟ್ಟಿದ್ದ ಒಂದು ದೊಡ್ಡ ಟವೆಲು ದೊರೆಯಿತು. ಹಡಗಿನ ಈಜುಕೊಳದ ಬಳಿ ಅಟ್ಟಣೆಯ ಮೇಲೆ ಇಟ್ಟಿರುತ್ತಾರಲ್ಲ, ಅಂಥದು. ಅದರ ಬೆಲೆಯನ್ನು ಹಡಗಿನವರು ಹಾಕಿಯೇ ಇರಲಿಲ್ಲ!

ಓದುಗರು ಇಲ್ಲಿ ಸ್ವಲ್ಪ ನಿಲ್ಲಬೇಕು. ತೆಗೆದುಕೊಳ್ಳದ ಎರಡು ವಸ್ತುಗಳಿಗೆ ಬೆಲೆ ಬಿದ್ದಿದೆ. ತೆಗೆದುಕೊಂಡ ಒಂದು ವಸ್ತು ಲೆಕ್ಕಕ್ಕೆ ಬಂದಿಲ್ಲ. ಇನ್ನು ಬರೆಯುವ ಪತ್ರದಲ್ಲಿ ಟವೆಲಿನ ಮಾತನ್ನು ಎತ್ತಬೇಕೆ ಬೇಡವೆ? ಮಗನ ವಾದ ಹುರುಳಿಲ್ಲದ್ದೇನೂ ಅಲ್ಲ. "ಟವೆಲು ಬಂದಿದೆ ಎಂದು ನಾವಾಗಿ ಬರೆದರೆ, ಟವೆಲು ಒಯ್ದವರು ನಿಲುವಂಗಿಯನ್ನೂ ಒಯ್ದಿರಬೇಕು ಎಂದು ಅವರು ತೀರ್ಮಾನಿಸುತ್ತಾರೆ. ಸತ್ಯವನ್ನು ಹೇಳಿ ಸತ್ಯವನ್ನೇ ಸೋಲಿಸಿದಂತಾಗುತ್ತದೆ. ಟವೆಲಿನ ಹಣವನ್ನು ಬೇಕಾದರೆ ಯಾವುದಾದರೂ ಧರ್ಮಕಾರ್ಯಕ್ಕೆ ಕೊಡೋಣ" ಎಂದನು. ಲೋಕವ್ಯವಹಾರವನ್ನು ಬಲ್ಲ ಯಾವ ವಕೀಲನೂ ಇದನ್ನೇ ಹೇಳಿಯಾನು.

ಆದರೆ ನಮ್ಮ ಪರಂಪರೆಯಲ್ಲಿ ಈ ವ್ಯಾಜ್ಯ ಹಿಂದೆಯೇ ತೀರ್ಮಾನವಾಗಿದೆ. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯನವರು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಅದನ್ನು ಕದ್ದು ತಂದದ್ದಲ್ಲ, ನೆಲದ ಮೇಲೆಯೇ ಇದ್ದದ್ದು, ಕೇಳುವವರೂ ಇರಲಿಲ್ಲ. ಆದರೂ ಲಕ್ಕಮ್ಮ ತಾಯಿಯವರು ಅಕ್ಕಿಯನ್ನು ಕಂಡೊಡನೆ, ಇದು ನಮ್ಮ ನಿತ್ಯದ ಪ್ರಮಾಣಕ್ಕೆ ಮೀರಿದ್ದು, ಒಯ್ದು ಅಲ್ಲಿಯೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದರು. ಆ ಹೆಚ್ಚಿನ ಅಕ್ಕಿಯನ್ನು ಇನ್ನೊಬ್ಬ ಬಡವನಿಗೆ ಕೊಡಿ ಎಂದು ಅವರು ಹೇಳಲಿಲ್ಲವೆಂಬುದನ್ನು ಗಮನಿಸಬೇಕು. ಎಲ್ಲಿಂದ ಬಂದಿತೋ ಅಲ್ಲಿಗೇ ಹೋಗಬೇಕು. ಪರರ ವಸ್ತುವನ್ನು ನಮ್ಮ ಹೆಸರಿನಲ್ಲಿ ದಾನ ಮಾಡುವುದು, ಅದನ್ನು ಒಮ್ಮೆ ನಮ್ಮದನ್ನಾಗಿ ಮಾಡಿಕೊಂಡ ಮೇಲೆಯೇ ಸಾಧ್ಯ. ಕಳವಿನ ಹಣದಿಂದ ಗುಡಿ ಕಟ್ಟಿಸುವವರ ಕಾಲದಲ್ಲಿ ಈ ಮಾತು ರುಚಿಸಲಾರದು.

ಅಧ್ಯಾಪಕರಿಗೂ ಇದೇ ತೋರಿತು. ಟವೆಲಿನ ಮಾತನ್ನು ಮುಚ್ಚಿಟ್ಟು ನಿಲುವಂಗಿಯ ಮಾತನ್ನು ಬರೆದರೆ, ಬರೆದ ಪ್ರತಿಯೊಂದು ವಾಕ್ಯ ನಿಜವಾಗಿದ್ದರೂ ಪತ್ರ ಹುಸಿಯಾಗುತ್ತದೆ, ಎಂದು ಅವರು ಮಗನಿಗೆ ಹೇಳಿದರು. ಮಗ ಒಪ್ಪಿದನೆನ್ನಲಾರೆ, ತಂದೆಯ ಮಾತಿಗೆ ಮಣಿದನು.

ಟವೆಲಿಗಿಂತ ಅವರನ್ನು ಹೆಚ್ಚು ಬಾಧಿಸಿದ್ದು ಆ ಇಂಡೊನೇಷ್ಯದ ತರುಣನ ವಿಷಯ. ನಿಲುವಂಗಿಗಳನ್ನು ಒಯ್ದವನು ಅವನೆಂದು ಬರೆಯದಿದ್ದರೆ ತಮ್ಮ ಮಾತಿಗೆ ಆಧಾರವಿಲ್ಲ. ಬರೆದರೆ ಅವನ ಕೆಲಸಕ್ಕೆ ಸಂಚಕಾರ ಬಂದೀತೆಂಬ ಭಯ. ಇಂಥ ಹಡಗುಗಳಲ್ಲಿ ದುಡಿಯುವವರು ಹೆಚ್ಚಾಗಿ ಫಿಲಿಪೀನ್ಸ್, ಇಂಡೊನೇಷ್ಯ, ನಮ್ಮ ಭಾರತ ಮುಂತಾದ ದೇಶಗಳ ಬಡ ಕುಟುಂಬಗಳಿಂದ ಬಂದವರು; ಗೋವೆ, ಮಂಗಳೂರಿನ ಕಡೆಯ ತರುಣರೂ ಅವರಲ್ಲಿದ್ದಾರೆ. ಹೆಂಡಿರು ಮಕ್ಕಳನ್ನು ಊರಲ್ಲಿ ಬಿಟ್ಟು ಆರೆಂಟು ತಿಂಗಳುಗಳ ಕರಾರಿನ ಮೇಲೆ ಬರುತ್ತಾರೆ. 2006ರಲ್ಲಿ ಅಂಗೀಕೃತವಾಗಿ 2013ರಿಂದ ಜಾರಿಗೆ ಬಂದ ಅಂತರರಾಷ್ಟ್ರೀಯ ನಾವಿಕ ಕಾರ್ಮಿಕ ಒಡಂಬಡಿಕೆಯು ಅವರಿಗೆ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ ಕನಿಷ್ಠ 77 ಗಂಟೆ ವಿಶ್ರಾಂತಿ ಇರಬೇಕೆಂದು ವಿಧಿಸಿದೆ. ಒಳ್ಳೆಯದೇ. ಆದರೆ ಲೆಕ್ಕವನ್ನು ತಿರುಗಿಸಿ ನೋಡಿರಿ: ಒಂದೊಂದು ದಿನ 14 ಗಂಟೆ ದುಡಿಸಿದರೂ ಕಾಯಿದೆ ಮುರಿದಂತಾಗುವುದಿಲ್ಲ. ಪರರ ಹಾಸಿಗೆಯನ್ನು ಹಾಸಿ, ಪರರ ಬಟ್ಟೆಯನ್ನು ಮಡಿಮಾಡಿ ಬಾಳುವ ಈ ತರುಣರ ಕೆಲಸ ಮಡಿವಾಳ ಮಾಚಯ್ಯನವರ ಕಾಯಕದ ಕುಲದ್ದೇ ಅಲ್ಲವೆ? ಅವರು ಲಿಂಗವನ್ನು ಬಲ್ಲರೋ ಇಲ್ಲವೋ, ಕಾಯಕವನ್ನು ಬಲ್ಲರು.

ಪರನಿಂದೆ ಬೇಡವೆಂಬುದು ಏಳು ಶೀಲಗಳಲ್ಲಿ ಕೊನೆಯದು. ಆದರೆ ನಡೆದುದನ್ನು ನಡೆದಂತೆ ಹೇಳುವುದು ನಿಂದೆಯಾಗುತ್ತದೆಯೆ? ಆಗುವುದಿಲ್ಲವೆಂದು ನನ್ನ ಎಣಿಕೆ. ಇನ್ನೊಬ್ಬನ ಮನಸ್ಸಿನೊಳಗೆ ನಾವು ಕಾಣದ ಕೇಡನ್ನು ಊಹಿಸಿ ಹೇಳಿದಾಗ ಅದು ನಿಂದೆ. "ಅವನು ಕದ್ದಿರಬೇಕು", "ಅವನು ಅಲಕ್ಷ್ಯ ಮಾಡಿದ" ಎಂಬೀ ಮಾತುಗಳು ನಿಂದೆ. ಅವು ಹುಸಿಯೂ ಆಗಬಹುದು. "ನಾವು ಕೇಳಿಕೊಂಡದ್ದರಿಂದ ಅವನು ಒಯ್ದನು" ಎಂಬುದು ಕೇವಲ ಸಂಗತಿ, ಅದರಲ್ಲಿ ಭಾರವನ್ನು ಹೊತ್ತವರು ಕೇಳಿಕೊಂಡ ನಾವೇ. ಅಧ್ಯಾಪಕರು ಹಾಗೆಯೇ ಬರೆಸಿದರು. ಆ ತರುಣನು ಏಳು ದಿನವೂ ತಮ್ಮನ್ನು ಮಗನಂತೆ ನೋಡಿಕೊಂಡನೆಂದೂ, ಅವನಲ್ಲಿ ತಾವು ಯಾವ ದೋಷವನ್ನೂ ಕಾಣುವುದಿಲ್ಲವೆಂದೂ, ತಮ್ಮ ಪತ್ರದಿಂದ ಅವನಿಗೆ ತೊಂದರೆಯಾಗುವುದಾದರೆ ಹಣವನ್ನೇ ಬಿಟ್ಟುಕೊಡಲು ಸಿದ್ಧರೆಂದೂ ಸೇರಿಸಿದರು. ಕಡೆಯ ವಾಕ್ಯವನ್ನು ಮಗ ಅಳಿಸಬೇಕೆಂದನು. ತಾಯಿ ಇರಲಿ ಎಂದರು, ಉಳಿಯಿತು.

ಭಕ್ಷೀಸನ್ನು ಹಿಂದಕ್ಕೆ ಕೇಳುವ ಯೋಚನೆ ಇಷ್ಟಕ್ಕೇ ಬಿದ್ದುಹೋಯಿತು. ಬಹಳಷ್ಟು ಹಡಗುಗಳಲ್ಲಿ ಆಳುಗಳ ಭಕ್ಷೀಸೆಂದು ತಲೆಗೆ ದಿನಕ್ಕೆ 15-20 ಡಾಲರುಗಳಂತೆ ತಾವಾಗಿಯೇ ಲೆಕ್ಕಕ್ಕೆ ಸೇರಿಸುತ್ತಾರೆ. ಹಲವು ಹಡಗುಗಳಲ್ಲಿ ಯಾತ್ರಿಕನು ಕೇಳಿಕೊಂಡರೆ ತೆಗೆಯುತ್ತಾರೆ. ಕಂಪನಿಯ ಮೇಲಿನ ಸಿಟ್ಟನ್ನು ಈ ಹಣದ ಮೇಲೆ ತೀರಿಸಿಕೊಳ್ಳುವವರು ಉಂಟೆಂದು ಕೇಳುತ್ತೇವೆ. ಧಣಿಯ ಮೇಲಿನ ಕೋಪಕ್ಕೆ ಆಳಿನ ತಟ್ಟೆಯಿಂದ ತುತ್ತನ್ನು ತೆಗೆಯುವ ಈ ನ್ಯಾಯಕ್ಕೆ ಹೆಸರಿಡಲೂ ನನಗೆ ಮನಸ್ಸಿಲ್ಲ.

ಇನ್ನು ಬ್ಯಾಂಕಿನ ಮಾತು. ಅಮೆರಿಕದಲ್ಲಿ 1974ರ ಒಂದು ಕಾಯಿದೆಯ ಪ್ರಕಾರ, ಕಾರ್ಡಿನ ಲೆಕ್ಕದಲ್ಲಿ ತಪ್ಪು ಕಂಡರೆ ಲೆಕ್ಕಪಟ್ಟಿ ಕಳುಹಿಸಿದ 60 ದಿನಗಳೊಳಗೆ ಬರಹದಲ್ಲಿ ಆಕ್ಷೇಪಿಸಬಹುದು. ಆಕ್ಷೇಪ ತಲುಪಿತೆಂದು ಬ್ಯಾಂಕು 30 ದಿನಗಳೊಳಗೆ ತಿಳಿಸಬೇಕು. ಹೆಚ್ಚೆಂದರೆ 90 ದಿನಗಳಲ್ಲಿ ವಿಚಾರಿಸಿ ತೀರ್ಮಾನಿಸಬೇಕು. ಅಲ್ಲಿಯವರೆಗೆ ವಿವಾದದಲ್ಲಿರುವ ಮೊತ್ತವನ್ನು ಕಟ್ಟಬೇಕಾಗಿಲ್ಲ. ದುರ್ಬಲನಿಗೆ ಬಲ ಕೊಡುವ ಒಳ್ಳೆಯ ಕಾಯಿದೆಯಿದು. ಅದನ್ನು ಬಳಸುವುದರಲ್ಲಿ ಅಧರ್ಮವೇನೂ ಇಲ್ಲ. ಕೋರ್ಟಿನ ದಾರಿಯಾದರೋ ಬಹಳ ದೂರದ್ದು. ಹಡಗಿನ ಟಿಕೆಟ್ಟಿನಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾದ ಷರತ್ತಿನಂತೆ, ವಾಷಿಂಗ್ಟನ್ ರಾಜ್ಯದ ದಂಪತಿಗಳು ದಾವೆ ಹೂಡಲು ದೇಶದ ಇನ್ನೊಂದು ಮೂಲೆಯ ಫ್ಲಾರಿಡಾಕ್ಕೇ ಹೋಗಬೇಕೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ತೀರ್ಪಿತ್ತಿದೆ. ಅದೂ ಹಡಗಿನಲ್ಲಿ ಜಾರಿ ಬಿದ್ದು ನೊಂದ ಹೆಂಗಸಿನ ಮೊಕದ್ದಮೆಯಲ್ಲಿ. 120 ಡಾಲರಿಗೆ ಯಾರು ಹೋದಾರು?

ಆದರೆ ಬ್ಯಾಂಕಿನ ಅರ್ಜಿಯಲ್ಲಿ ಕಾರಣವನ್ನು ಗುರುತು ಮಾಡುವ ಸ್ಥಳ ಒಂದುಂಟು. "ಈ ವಸೂಲಿಗೆ ನಾನು ಅನುಮತಿ ಕೊಟ್ಟಿಲ್ಲ, ಇದು ಯಾರೋ ಮಾಡಿದ ಮೋಸ" ಎಂದು ಗುರುತು ಹಾಕಿದರೆ ಕೆಲಸ ಬೇಗ ಆಗುತ್ತದೆಂದು ಮಗನು ಹೇಳಿದ್ದು ಅದನ್ನೇ. ಹಡಗು ಹತ್ತುವಾಗ ಕಾರ್ಡನ್ನು ಕೊಟ್ಟವನು ಅವನೇ. ಕೋಣೆಯ ಲೆಕ್ಕವನ್ನು ಅದರಿಂದ ತೆಗೆದುಕೊಳ್ಳಬಹುದೆಂದು ಒಪ್ಪಿದವನೂ ಅವನೇ. ಲೆಕ್ಕ ತಪ್ಪಾಗಿದೆಯೆಂಬುದು ನಿಜ. ಕಳ್ಳನೊಬ್ಬನು ಕಾರ್ಡನ್ನು ಬಳಸಿದನೆಂಬುದು ಹುಸಿ. ನಮ್ಮ ಮೇಲೆ ಬಂದ ಸುಳ್ಳನ್ನು ಕಳೆದುಕೊಳ್ಳಲು ಪರರ ಮೇಲೆ ಇನ್ನೊಂದು ಸುಳ್ಳನ್ನು ಹೊರಿಸಿದರೆ, ಅವರ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ಏನು ಅಂತರ ಉಳಿಯಿತು? ಬೆರಳಿನ ಒಂದು ಒತ್ತಿನಿಂದ ನಡೆದುಹೋಗುವ ಹುಸಿಗಳು ಈ ಕಾಲದಲ್ಲಿ ಹೆಚ್ಚಾಗಿವೆ. ನಾಲಗೆಯಿಂದ ಆಡಬೇಕಾಗಿದ್ದರೆ ನಾಚುತ್ತಿದ್ದ ಸುಳ್ಳನ್ನು ನಾವು ಚೌಕದೊಳಗೆ ಗುರುತು ಹಾಕಿ ನಾಚದೆ ಹೇಳುತ್ತೇವೆ.

ತಾಯಿಯ ಮಾತನ್ನು ನಾನು ಮರೆತಿಲ್ಲ. ಕೊಟ್ಟುಬಿಡೋಣ, ಅದೂ ದಾಸೋಹವೇ ಎಂಬ ಆ ಮಾತಿನ ಹಿಂದೆ ಇರುವ ಹೃದಯಕ್ಕೆ ಶರಣು. ಆದರೆ ಆ ಮಾತನ್ನು ಒಪ್ಪಲಾರೆ. ದಾಸೋಹವೆಂಬುದು ಕೊಡುವವನು ತಾನು ಗಳಿಸಿದುದನ್ನು, ಕೊಡುವೆನೆಂಬ ಅಹಂಕಾರವಿಲ್ಲದೆ, ತಿಳಿದು ಅರ್ಪಿಸುವುದು. ತಪ್ಪು ಲೆಕ್ಕದಿಂದ ಕಿತ್ತುಕೊಂಡುದನ್ನು ಆಮೇಲೆ ದಾಸೋಹವೆಂದು ಕರೆದರೆ, ದಾಸೋಹದ ಹೆಸರು ನಮ್ಮ ಸಂಕೋಚಕ್ಕೆ ಹೊದಿಕೆಯಾಗುತ್ತದೆ. ಎಷ್ಟೋ ಸಲ ನಾವು ಕ್ಷಮೆಯೆಂದು ಕರೆಯುವುದು ಪತ್ರ ಬರೆಯುವ ಸೋಮಾರಿತನ, ಅಥವಾ ಎದುರು ನಿಂತು ಮಾತಾಡುವ ಅಂಜಿಕೆ. ಅದೂ ಅಲ್ಲದೆ, ಸುಮ್ಮನೆ ಕೊಟ್ಟರೆ ಲೆಕ್ಕದ ತಪ್ಪು ತಪ್ಪಾಗಿಯೇ ಉಳಿಯುತ್ತದೆ. ಮುಂದಿನ ವಾರ ಅದೇ ತಪ್ಪು, ಇನ್ನೊಬ್ಬ ಯಾತ್ರಿಕನ ಮೇಲೆ, ಅವನಿಗೆ 120 ಡಾಲರು ಭಾರವಾಗಿರಬಹುದು.

ಪತ್ರ ಹೊರಟಿತು. ಅದರಲ್ಲಿ ಕೋಪವಿರಲಿಲ್ಲ, ತಾವು ಎಷ್ಟು ಪ್ರಾಮಾಣಿಕರೆಂಬ ವರ್ಣನೆಯೂ ಇರಲಿಲ್ಲ. ನಲವತ್ತು ವರ್ಷ ಮಕ್ಕಳಿಗೆ ನೀತಿ ಬೋಧಿಸಿದ ಅಧ್ಯಾಪಕನೆಂದು ಬರೆದುಕೊಳ್ಳುವ ಆಸೆ ಆಗಿತ್ತೆಂದೂ, ಆತ್ಮಪ್ರಶಂಸೆ ಬೇಡವೆಂಬ ಶೀಲ ನೆನಪಾಗಿ ಬಿಟ್ಟೆನೆಂದೂ ಅವರು ನಗುತ್ತ ಹೇಳಿದರು. ಪತ್ರದೊಡನೆ ಒಂದು ಚಿತ್ರವನ್ನೂ ಕಳುಹಿಸಿದರು. ಯಾತ್ರೆಯ ಎರಡನೆಯ ದಿನ ಸೊಸೆಯು ಮೊಮ್ಮಗನ ಆಟವನ್ನು ಹಿಡಿಯಲೆಂದು ತೆಗೆದ ಚಿತ್ರ ಅದು. ಹಿಂಬದಿಯಲ್ಲಿ ಅಲಮಾರು ತೆರೆದಿದೆ, ಅದರಲ್ಲಿ ಅಜ್ಜನ ಧೋತರವೊಂದು ಮಾತ್ರ ತೂಗುತ್ತಿದೆ. (ಇಂಥ ಯಾತ್ರೆಗೆ ಹೋಗುವ ಭಕ್ತರು ಕೋಣೆಯನ್ನು ಹೊಕ್ಕಾಗ ಒಮ್ಮೆ, ಬಿಡುವಾಗ ಒಮ್ಮೆ ಹೀಗೆ ಚಿತ್ರ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಬೇಡವೆಂದು ಕೊಟ್ಟ ವಸ್ತುವನ್ನು ಹಡಗಿನ ಕಚೇರಿಯಲ್ಲಿ ಬರೆಸುವುದು ಇನ್ನೂ ಒಳ್ಳೆಯದು.)

ಮೂರು ವಾರಗಳ ಮೇಲೆ ಉತ್ತರ ಬಂದಿತು. 120 ಡಾಲರುಗಳನ್ನು "ಸೌಜನ್ಯಕ್ಕಾಗಿ" ಹಿಂದಿರುಗಿಸಲಾಗಿದೆ. ಮತ್ತೊಮ್ಮೆ ನಮ್ಮ ಹಡಗಿಗೆ ದಯಮಾಡಿಸಿರಿ. ಇಷ್ಟೇ. ಲೆಕ್ಕ ತಪ್ಪಾಗಿತ್ತೆಂಬ ಮಾತಿಲ್ಲ. ತರುಣನ ಮಾತಿಲ್ಲ. ಟವೆಲಿನ ಮಾತೂ ಇಲ್ಲ.

ಮಗನಿಗೆ ಸಂತೋಷವಾಯಿತು. ಅಧ್ಯಾಪಕರಿಗೆ ಆಗಲಿಲ್ಲ. ನಮ್ಮ ಊರಿಗೆ ಮರಳಿದ ಮೇಲೆ ಗೋಷ್ಠಿ ಮುಗಿದ ಒಂದು ಸಂಜೆ ನನ್ನೊಡನೆ ಕುಳಿತು ಅವರು ಕೇಳಿದ್ದು ಇದನ್ನು: "ಕಳ್ಳನನ್ನೂ ಸೌಜನ್ಯದಿಂದ ಬಿಟ್ಟುಬಿಡಬಹುದಲ್ಲವೆ? ನಾನು ಕಳ್ಳನಲ್ಲವೆಂದು ಅವರು ಎಲ್ಲಿ ಹೇಳಿದರು? ಈ ಹಣವನ್ನು ನಾನು ತೆಗೆದುಕೊಂಡದ್ದು ಸರಿಯೆ? ಸುಮ್ಮನಿರುವುದು ಗಣಾಚಾರಕ್ಕೆ ಕುಂದಲ್ಲವೆ?"

ಅವರ ನೋವು ನನಗೆ ಅರ್ಥವಾಯಿತು. ಆದರೆ ಗಣಾಚಾರದ ಹೆಸರನ್ನು ಇಲ್ಲಿಗೆ ತರುವುದು ಸಲ್ಲದೆಂದು ಹೇಳಬೇಕಾಯಿತು. ಪಂಚಾಚಾರಗಳಲ್ಲಿ ಗಣಾಚಾರವೆಂದರೆ ಶಿವನಿಂದೆಯನ್ನು, ಶಿವಭಕ್ತರ ನಿಂದೆಯನ್ನು ಸೈರಿಸದೆ ಎದುರು ನಿಲ್ಲುವುದು. ಸ್ವಂತಕ್ಕಾದ ಅಪಮಾನವನ್ನು ಶಿವನ ಅಪಮಾನವೆಂದು ಎಣಿಸಿ ಖಡ್ಗ ಹಿರಿಯುವುದಕ್ಕೆ ಅದು ಪರವಾನಗಿಯಲ್ಲ. ಆ ತರುಣನ ಮೇಲೆ ಅಪವಾದ ಬಂದಿದ್ದರೆ, ಅವನ ಪರವಾಗಿ ನೂರು ಪತ್ರ ಬರೆದಿದ್ದರೂ ಅದು ಗಣಾಚಾರದ ಜಾತಿಗೇ ಸೇರುತ್ತಿತ್ತು. ತನ್ನ ಹೆಸರಿನ ವಿಷಯದಲ್ಲಾದರೋ ಭಕ್ತನಿಗೆ ಹೇಳಿದ್ದು ಭೃತ್ಯಾಚಾರ. ತಾನು ಎಲ್ಲರಿಗಿಂತ ಕಿರಿಯನೆಂದು, ಸೇವಕನೆಂದು ನಡೆದುಕೊಳ್ಳುವವನಿಗೆ ಹಡಗಿನ ಗುಮಾಸ್ತನೊಬ್ಬನು ತನ್ನ ವಿಷಯವಾಗಿ ಯಾವ ಮಾತನ್ನು ಬರೆದನೆಂಬ ಚಿಂತೆ ಎಷ್ಟು ದಿನ ಇರಬೇಕು? "ನಿಜವನ್ನು ಒಮ್ಮೆ ಸ್ಪಷ್ಟವಾಗಿ ಹೇಳಿದ್ದೀರಿ. ಬೇಕಾದರೆ, ಹಣ ತಲುಪಿತು, ಆದರೆ ವಸ್ತುಗಳನ್ನು ನಾವು ಒಯ್ದಿರಲಿಲ್ಲ ಎಂದು ಇನ್ನೊಮ್ಮೆ ಎರಡು ಸಾಲು ಬರೆಯಿರಿ. ಮೂರನೆಯ ಸಲ ಬರೆದರೆ ಅದು ನಿಜಕ್ಕಾಗಿ ಬರೆದದ್ದಲ್ಲ, ನಿಮಗಾಗಿ ಬರೆದದ್ದು" ಎಂದೆ. ಹಣವನ್ನು ತೆಗೆದುಕೊಂಡದ್ದರಲ್ಲಿ ದೋಷವಿಲ್ಲವೆಂದೂ ಹೇಳಿದೆ. ಅದು ಮಗನ ದುಡಿಮೆಯ ಹಣ, ತಪ್ಪಿಹೋದದ್ದು ತಿರುಗಿ ಬಂದಿದೆ. ಕೊಡುವವರು ಅದಕ್ಕೆ ಯಾವ ಹೆಸರಿಟ್ಟರೇನು?

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ನನ್ನ ಉತ್ತರ ಅವರಿಗೆ ಪೂರ್ತಿ ಹಿಡಿಸಿತೆಂದು ನಾನು ಹೇಳಲಾರೆ. ನಲವತ್ತು ವರ್ಷ ಹಾಜರಿಪುಸ್ತಕವನ್ನು ಒಂದು ಗೀರೂ ತಪ್ಪದೆ ಬರೆದವರು. ಎಲ್ಲಿಯೋ ಒಂದು ಪುಸ್ತಕದಲ್ಲಿ ತಮ್ಮ ಹೆಸರಿನ ಮುಂದೆ ತಪ್ಪು ಗೀರು ಉಳಿದಿದೆಯೆಂಬುದು ಅವರನ್ನು ಇನ್ನೂ ಚುಚ್ಚುತ್ತಿರಬಹುದು.

"ಹಾಗಾದರೆ ಟವೆಲು?" ಎಂದು ಕೇಳಿದವರು ಪಕ್ಕದಲ್ಲಿ ಕುಳಿತಿದ್ದ ಅವರ ಮನೆಯವರು. ಅದಕ್ಕೆ ನಾನು ಉತ್ತರ ಹೇಳುವ ಮೊದಲೇ ಅವರೇ ಮುಂದುವರಿಸಿದರು. ಕಂಪನಿಯವರು ಬೆಲೆ ಕೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಸೊಸೆ ಅದನ್ನು ಒಗೆದು ಮಡಿಸಿ ಅಲಮಾರಿನ ಮೇಲಣ ಅಂಕಣದಲ್ಲಿ ಇಟ್ಟಿದ್ದಾಳೆ. ಮನೆಯಲ್ಲಿ ಯಾರೂ ಅದನ್ನು ಬಳಸುವುದಿಲ್ಲ. ಈಜಲು ಹೋಗುವಾಗ ಮೊಮ್ಮಗನು ಕೇಳಿದರೆ, ಅದು ನಮ್ಮದಲ್ಲ ಮರಿ ಎನ್ನುತ್ತಾಳೆ.

ಕಳೆದ ತಿಂಗಳು ಮಗನು ಅದನ್ನು ಕಂಪನಿಯ ವಿಳಾಸಕ್ಕೆ ಅಂಚೆಯಲ್ಲಿ ಕಳುಹಿಸಿದ್ದಾನೆಂದು ಸುದ್ದಿ ಬಂದಿದೆ. ಮೇಲಿನ ಚೀಟಿಯನ್ನು ಮೊಮ್ಮಗನಿಂದಲೇ ಬರೆಸಿದನಂತೆ.

ಉತ್ತರ ಇನ್ನೂ ಬಂದಿಲ್ಲ.